ಲೆಕ್ಕಕ್ಕೆ ಸಿಗದ ಸೂರ್ಯ

ನಮ್ಮ ಮನೆಯ ಗೋಡೆಗೆ ತೂಗುಹಾಕಿರುವ ಪಂಚಾಂಗದಲ್ಲಿ ದಿನದಿನದ ಸೂರ್ಯೋದಯದ ವೇಳೆ ಅಚ್ಚಾಗಿರುತ್ತದೆ. ಧನುರ್ಮಾಸದ ಚಳಿಯಲ್ಲಿ ಶಾಲು ಹೊದ್ದು ಅಂಗಳದಲ್ಲಿ ನಿಂತು, ಕೈಯ ಗಡಿಯಾರವನ್ನೂ ಪೂರ್ವದ ಆಕಾಶವನ್ನೂ ಒಂದಾದ ಮೇಲೊಂದರಂತೆ ನೋಡುವ ದುರಭ್ಯಾಸ ನನಗುಂಟು. ಎದುರುಮನೆಯ ಮಾಳಿಗೆಯನ್ನು ದಾಟಿ ಬರಬೇಕಾದ ಕಾರಣ ನಮ್ಮ ಸೂರ್ಯ ಹತ್ತು ನಿಮಿಷ ತಡ. ಅದನ್ನು ಬಿಟ್ಟರೆ ಪಂಚಾಂಗಕ್ಕೂ ಅವನಿಗೂ ಈವರೆಗೆ ಭಿನ್ನಾಭಿಪ್ರಾಯ ಬಂದದ್ದನ್ನು ನಾನು ಕಂಡಿಲ್ಲ. ಆದರೆ ಒಂದು ದಿನ ಪಂಚಾಂಗ ಹೇಳಿದ್ದಕ್ಕಿಂತ ಎರಡು ವಾರ ಮೊದಲೇ ಸೂರ್ಯ ಕಾಣಿಸಿಕೊಂಡರೆ? ಆಗ ತಪ್ಪು ಯಾರದೆನ್ನಬೇಕು? ಗಣಿತದ್ದೇ, ಗಡಿಯಾರದ್ದೇ, ಅಥವಾ ನೋಡಿದವನ ಕಣ್ಣಿನದೇ?

ಇದು ಕೆಲಸವಿಲ್ಲದವನ ಕುಚೋದ್ಯವಲ್ಲ. 1597ನೆಯ ಇಸವಿಯ ಜನವರಿ 24ರಂದು, ಭೂಮಿಯ ಉತ್ತರದ ಅಂಚಿನ ಒಂದು ಹಿಮದ್ವೀಪದಲ್ಲಿ, ಮೂವರು ಡಚ್ಚರು ಇಂಥದನ್ನು ಕಂಡರು. ಕಂಡವರಲ್ಲಿ ಒಬ್ಬನು ಅದನ್ನು ಬರೆದಿಟ್ಟನು. ಅವನ ಹೆಸರು ಗೆರಿಟ್ ಡ ಫೇರ್. ಅವನ ದಿನಚರಿಯ ಇಂಗ್ಲಿಷ್ ಅನುವಾದವನ್ನು ಕಾಲೇಜಿನ ಪುಸ್ತಕಭಂಡಾರದಿಂದ ತಂದು ಓದಿದಂದಿನಿಂದ ನಾನು ಆ ಹದಿನೇಳು ಜನರ ಸಂಗಡವೇ ಓಡಾಡುತ್ತಿದ್ದೇನೆಂದು ನನ್ನ ಮನೆಯವರ ದೂರು.

ಅವರು ಅಲ್ಲಿಗೆ ಏಕೆ ಹೋದರು? ಮಾತು ಕೇಳಿದರೆ ನಗು ಬರಬಹುದು: ನಮ್ಮ ಕಡೆಯ ಸಾಂಬಾರ ಪದಾರ್ಥಗಳಿಗಾಗಿ. ಆ ಕಾಲದಲ್ಲಿ ಆಫ್ರಿಕಾವನ್ನು ಬಳಸಿ ಪೂರ್ವದೇಶಗಳಿಗೆ ಬರುವ ಕಡಲ ಹಾದಿ ಪೋರ್ಚುಗೀಸರ ಹಿಡಿತದಲ್ಲಿತ್ತು. ಪೋರ್ಚುಗಲ್ಲಿನ ಸಿಂಹಾಸನದ ಮೇಲೆ ಸ್ಪೇನಿನ ಅರಸನೇ ಕುಳಿತಿದ್ದನು. ಡಚ್ಚರಿಗೋ ಸ್ಪೇನಿನೊಡನೆ ಯುದ್ಧ. ದಕ್ಷಿಣದ ಬಾಗಿಲು ಮುಚ್ಚಿದ್ದರೆ ಉತ್ತರದ ಬಾಗಿಲನ್ನು ತಟ್ಟಿ ನೋಡೋಣ, ರಷ್ಯದ ನೆತ್ತಿಯ ಮೇಲಿನಿಂದ ಹಾಯ್ದು ಚೀನಕ್ಕೂ ಅಲ್ಲಿಂದ ಸಾಂಬಾರ ದ್ವೀಪಗಳಿಗೂ ಇಳಿಯೋಣ ಎಂದು ಆಮ್‌ಸ್ಟರ್‌ಡಾಮಿನ ವರ್ತಕರು ಹಂಚಿಕೆ ಹಾಕಿದರು. ಬೇಸಗೆಯಲ್ಲಿ ಉತ್ತರ ಧ್ರುವದ ಬಳಿ ಸೂರ್ಯ ಮುಳುಗುವುದೇ ಇಲ್ಲವಾದ್ದರಿಂದ ಅಲ್ಲಿನ ನಡುಗಡಲು ಮಂಜುಗಟ್ಟಿರಲಾರದೆಂದು ಪಂಡಿತರೂ ಅಭಯವಿತ್ತಿದ್ದರು.

ಈ ಸಾಹಸಕ್ಕೆ ಹೊರಟವರಲ್ಲಿ ಒಬ್ಬನು ನಮ್ಮ ನಾಡಿನ ಗಾಳಿ ಕುಡಿದವನು. ಯಾನ್ ಹೌಖನ್ ವಾನ್ ಲಿನ್‌ಸ್ಕೋಟನ್ ಎಂಬ ಈ ಡಚ್ಚನು 1583ರಿಂದ ಐದಾರು ವರ್ಷ ಗೋವೆಯಲ್ಲಿ ಆರ್ಚ್‌ಬಿಷಪ್ಪನ ಕಾರ್ಯದರ್ಶಿಯಾಗಿದ್ದನು. ಕಣ್ಣು ಕಿವಿ ಎರಡನ್ನೂ ತೆರೆದಿಟ್ಟುಕೊಂಡಿದ್ದ ಆಸಾಮಿ. 1596ರಲ್ಲಿ ಪ್ರಕಟವಾದ ಅವನ ಪ್ರವಾಸಗ್ರಂಥದಲ್ಲಿ ಹೊನ್ನಾವರ, ಬಸರೂರು, ಮಂಗಳೂರುಗಳ ವಿಚಾರವಿದೆ. ಹೊನ್ನಾವರದಿಂದ ಹಡಗೇರುವ ಒಳ್ಳೆಮೆಣಸಿನ ಮಾತಿದೆ. ಆ ಸೀಮೆಯನ್ನು ಆಳುತ್ತಿದ್ದ ರಾಣಿಯ ಉಲ್ಲೇಖವೂ ಇದೆ. ಗೇರುಸೊಪ್ಪೆಯ ಚೆನ್ನಭೈರಾದೇವಿ 'ಮೆಣಸಿನ ರಾಣಿ'ಯೆಂದು ಹೆಸರಾಗಿದ್ದ ಕಾಲವದು. ಗೋವೆಯ ಸೆಕೆಯಲ್ಲಿ ಬೆಂದವನು 1594ರಲ್ಲಿಯೂ 1595ರಲ್ಲಿಯೂ ಹಿಮದ ಕಡಲಿಗೆ ಹೋಗಿ ಬಂದನೆಂದರೆ ಆ ಕಾಳುಗಳಿಗಿದ್ದ ಖಾರವೆಷ್ಟೆಂದು ಓದುಗರೇ ಊಹಿಸಬಹುದು.

ಮೂರು ಯಾತ್ರೆಗಳಲ್ಲಿಯೂ ಇದ್ದವನು ಮಾತ್ರ ವಿಲ್ಲೆಮ್ ಬರೆಂಟ್ಸ್. ನಾವಿಕರಲ್ಲಿ ನಾವಿಕ, ನಕ್ಷೆ ಬರೆಯುವುದರಲ್ಲಿಯೂ ನಕ್ಷತ್ರ ಅಳೆಯುವುದರಲ್ಲಿಯೂ ಎತ್ತಿದ ಕೈ. ಕೊನೆಯ ಯಾತ್ರೆಯ ಹೊತ್ತಿಗೆ ಅವನ ವಯಸ್ಸು ನಲವತ್ತೈದರ ಆಚೆಈಚೆ, ಹೆಚ್ಚುಕಡಿಮೆ ನನ್ನದೇ. ಮೂರು ಮಹಡಿ ಹತ್ತಿ ತರಗತಿ ಸೇರುವಷ್ಟರಲ್ಲಿ ಏದುಸಿರು ಬಿಡುವ ನಾನು ಈ ಸಮಾನತೆಯನ್ನು ಇನ್ನಷ್ಟು ಮುಂದುವರಿಸಲಾರೆ.

1594ರ ಮೊದಲ ಯಾತ್ರೆಯಲ್ಲಿ ಅವರಿಗೆ ಬಿಳಿಕರಡಿಯ ಪರಿಚಯವಾಯಿತು. ಅದು ಎಂಥ ಪ್ರಾಣಿಯೆಂದು ಸರಿಯಾಗಿ ತಿಳಿಯದಿದ್ದ ನಾವಿಕರು ಜೀವಸಹಿತ ಹಿಡಿದು ಹಾಲೆಂಡಿನವರಿಗೆ ತೋರಿಸೋಣವೆಂದು ಗುಂಡೇಟು ತಿಂದ ಒಂದು ಕರಡಿಯ ಕೊರಳಿಗೆ ಹಗ್ಗದ ಕುಣಿಕೆ ಹಾಕಿ ದೋಣಿಯ ಹಿಂದೆ ಎಳೆದುಕೊಂಡು ಹೊರಟರು. ಸ್ವಲ್ಪ ಹೊತ್ತಿನಲ್ಲಿ ಅದು ಮುಂಗಾಲುಗಳೆರಡನ್ನೂ ದೋಣಿಯ ಅಂಚಿನ ಮೇಲಿಟ್ಟಿತು. ಪಾಪ, ಕೊಂಚ ದಣಿವಾರಿಸಿಕೊಳ್ಳುತ್ತಿದೆ ಎಂದು ಬರೆಂಟ್ಸ್ ತಮಾಷೆ ಮಾಡಿದನಂತೆ. ಮರುಗಳಿಗೆಯಲ್ಲಿ ಅರ್ಧ ಕರಡಿ ದೋಣಿಯೊಳಗಿತ್ತು. ನಾವಿಕರೆಲ್ಲ ಮೂತಿಯ ತುದಿಗೆ ಮುದ್ದೆಯಾಗಿ ಸೇರಿದ್ದರು. ಕುಣಿಕೆಯ ಹಗ್ಗ ಚುಕ್ಕಾಣಿಯ ಕೊಂಡಿಗೆ ಸಿಕ್ಕಿಕೊಂಡದ್ದರಿಂದ ಅವರು ಬದುಕಿದರು. ಅದರಿಂದಲೇ ಕರಡಿ ಸತ್ತಿತು.

ಮರುವರ್ಷದ ಪಾಠ ಇಷ್ಟು ಸುಲಭವಾಗಿರಲಿಲ್ಲ. ಹೊಳೆಯುವ ಕಲ್ಲುಗಳನ್ನು ವಜ್ರವೆಂದು ಭ್ರಮಿಸಿ ಒಂದು ದ್ವೀಪದಲ್ಲಿ ಆರಿಸುತ್ತ ಕುಳಿತಿದ್ದ ಇಬ್ಬರಲ್ಲಿ ಒಬ್ಬನ ಕುತ್ತಿಗೆಯನ್ನು ಹಿಂದಿನಿಂದ ಯಾರೋ ಹಿಡಿದೆಳೆದಂತಾಯಿತು. ಜೊತೆಗಾರರಲ್ಲೇ ಯಾರದೋ ಚೇಷ್ಟೆಯಿರಬೇಕೆಂದುಕೊಂಡು ಯಾರದು ಎಂದು ಅವನು ಕೇಳಿದನು. ಹಿಡಿದದ್ದು ಕರಡಿ. ಅವನನ್ನು ಬಿಡಿಸಲು ಓಡಿಬಂದ ಗುಂಪಿನಲ್ಲಿ ಇನ್ನೊಬ್ಬನೂ ಅದೇ ಕರಡಿಗೆ ಬಲಿಯಾದನು.

ಏಳು ಹಡಗುಗಳ ಆ ಎರಡನೆಯ ಯಾತ್ರೆ ಮಂಜುಗಡ್ಡೆಗೆ ಹಣೆ ಚಚ್ಚಿಕೊಂಡು ಹಿಂದಿರುಗಿದ ಮೇಲೆ ಸರ್ಕಾರಕ್ಕೆ ಸಾಕಾಯಿತು. ಇನ್ನು ಹಣ ಕೊಡುವುದಿಲ್ಲ. ದಾರಿ ಕಂಡುಹಿಡಿದು ಬಂದರೆ 25,000 ಗಿಲ್ಡರ್ ಬಹುಮಾನವೆಂದು ಸಾರಿ ಕೈತೊಳೆದುಕೊಂಡಿತು. ಆಮ್‌ಸ್ಟರ್‌ಡಾಮಿನ ನಗರಸಭೆ ಎರಡು ಹಡಗುಗಳನ್ನು ಸಜ್ಜುಮಾಡಿತು. 1596ರ ಮೇ ತಿಂಗಳಲ್ಲಿ ಅವು ಹೊರಟವು. ಒಂದಕ್ಕೆ ಯಾನ್ ರೈಪ್ ನಾಯಕ. ಇನ್ನೊಂದಕ್ಕೆ ಯಾಕೊಬ್ ವಾನ್ ಹೇಮ್ಸ್‌ಕರ್ಕ್ ನಾಯಕ, ಬರೆಂಟ್ಸ್ ಚಾಲಕ. ದಾರಿಯಲ್ಲಿ ಕರಡಿ ಕೊಂದ ದ್ವೀಪಕ್ಕೆ ಕರಡಿದ್ವೀಪವೆಂದೂ, ಅದರಾಚೆ ಕಂಡ ಚೂಪು ಶಿಖರಗಳ ನಾಡಿಗೆ ಸ್ಪಿಟ್ಸ್‌ಬರ್ಗನ್ ಎಂದೂ ಹೆಸರಿಟ್ಟರು. ಜುಲೈ 1ರಂದು ಯಾವ ದಿಕ್ಕು ಹಿಡಿಯಬೇಕೆಂಬ ವಿಷಯದಲ್ಲಿ ಒಮ್ಮತವಾಗದೆ ಎರಡು ಹಡಗುಗಳೂ ಅಗಲಿದವು. ರೈಪನನ್ನು ಓದುಗರು ನೆನಪಿನಲ್ಲಿಡಬೇಕು; ಅವನು ಮತ್ತೆ ಬರುತ್ತಾನೆ.

ಬರೆಂಟ್ಸ್ ಪೂರ್ವಕ್ಕೆ ನಡೆದನು. ರಷ್ಯದ ಉತ್ತರಕ್ಕೆ ಕೊಡಲಿಯಂತೆ ಬಾಗಿ ನಿಂತಿರುವ ನೊವಾಯಾ ಜೆಮ್ಲ್ಯಾ ದ್ವೀಪದ ತುದಿಯನ್ನು ಸುತ್ತಿಹೋದನು. ಆಚೆಯ ಕಡಲು ಒಂದಿಷ್ಟು ತೆರೆದಂತೆ ಕಂಡಿತು, ಹರ್ಷಪಟ್ಟರು. ಆಗಸ್ಟ್ 26ರಂದು ಮಂಜುಗಡ್ಡೆಗಳು ನಾಲ್ಕೂ ಕಡೆಯಿಂದ ಬಂದು ಹಡಗನ್ನು ಹಿಡಿದುಕೊಂಡವು. ಗಡ್ಡೆಗಳ ಒತ್ತಡಕ್ಕೆ ಹಡಗು ಮೇಲಕ್ಕೆದ್ದು ವಾಲಿತು. ಹಲಗೆಗಳು ಒಡೆಯುವ ಸದ್ದಿಗೆ ತಲೆಗೂದಲು ನಿಮಿರುತ್ತಿತ್ತೆಂದು ಡ ಫೇರ್ ಬರೆದಿದ್ದಾನೆ. 76 ಡಿಗ್ರಿ ಅಕ್ಷಾಂಶ. ಗಿಡವಿಲ್ಲ, ಮರವಿಲ್ಲ, ಮನುಷ್ಯರ ಸುಳಿವಿಲ್ಲ. ಚಳಿಗಾಲವನ್ನು ಅಲ್ಲೇ ಕಳೆಯದೆ ಗತ್ಯಂತರವಿಲ್ಲವೆಂದಾಯಿತು. ಅಷ್ಟು ಉತ್ತರದಲ್ಲಿ ಚಳಿಗಾಲ ಕಳೆದು ಬದುಕಿಬಂದ ಯೂರೋಪಿನವರು ಅದಕ್ಕೆ ಮೊದಲು ಯಾರೂ ಇರಲಿಲ್ಲ.

ದೈವ ಒಂದು ಕೈಯಿಂದ ಕಸಿದು ಇನ್ನೊಂದರಿಂದ ಕೊಟ್ಟಿತ್ತು. ಸೈಬೀರಿಯದ ನದಿಗಳು ಕಿತ್ತುತಂದ ಮರದ ದಿಮ್ಮಿಗಳು ಕಡಲಲ್ಲಿ ತೇಲಿಬಂದು ದಡದಲ್ಲಿ ಬಿದ್ದಿದ್ದವು. ಅವನ್ನು ಜಾರುಬಂಡಿಗಳ ಮೇಲೆ ಎಳೆದುತಂದು ಮನೆ ಕಟ್ಟತೊಡಗಿದರು. ಕೆಲಸ ನಡೆಸಬೇಕಾಗಿದ್ದ ಬಡಗಿಯೇ ಸೆಪ್ಟೆಂಬರ್ 23ರಂದು ತೀರಿಕೊಂಡನು. ನೆಲ ಕಲ್ಲಾಗಿದ್ದುದರಿಂದ ಗುಂಡಿ ತೋಡಲಾಗದೆ ಬೆಟ್ಟದ ಬಿರುಕೊಂದರಲ್ಲಿ ಅವನನ್ನಿಟ್ಟರು. ಉಳಿದವರು ಕೆಲಸ ಮುಂದುವರಿಸಿದರು. ಬಡಗಿಗಳ ವಾಡಿಕೆಯಂತೆ ಮೊಳೆಯನ್ನು ತುಟಿಗಳ ನಡುವೆ ಕಚ್ಚಿಕೊಂಡರೆ, ಹೊರತೆಗೆಯುವಾಗ ಅದಕ್ಕಂಟಿ ಚರ್ಮವೂ ರಕ್ತವೂ ಬರುತ್ತಿತ್ತು. ಚಳಿಯನ್ನು ವರ್ಣಿಸಲು ನಮ್ಮ ಕವಿಗಳು ಶಿಶಿರದ ಮೇಲೆ ಬರೆದ ಪದ್ಯಗಳನ್ನು ತರಗತಿಯಲ್ಲಿ ಪಾಠ ಹೇಳುವವನು ನಾನು; ಆ ಒಂದು ಮೊಳೆ ಸಾಕು ಎನ್ನಿಸಿತು.

ಮನೆ ಎಷ್ಟು ದೊಡ್ಡದು? ಉದ್ದ ಎಂಟು ಮೀಟರಿಗೆ ಕಡಿಮೆ, ಅಗಲ ಐದೂವರೆ ಮೀಟರ್. ನಡುವೆ ಬೆಂಕಿಯ ಒಲೆ. ಅದರ ಮೇಲೆ ಹೊಗೆಗೂಡು, ಗೂಡಿನ ನೆತ್ತಿಗೆ ತಳ ಕಿತ್ತ ಪೀಪಾಯಿ. ಗೋಡೆಯ ಉದ್ದಕ್ಕೂ ಮಲಗುವ ಗೂಡುಗಳು. ಹಡಗಿನ ವೈದ್ಯನ ಸಲಹೆಯಂತೆ ಒಂದು ದ್ರಾಕ್ಷಾರಸದ ಪೀಪಾಯಿಯಲ್ಲಿ ಸ್ನಾನದ ಏರ್ಪಾಡು. ಇದಕ್ಕೆ ಅವರು 'ಕಾಪಾಡುವ ಮನೆ' ಎಂಬ ಅರ್ಥ ಬರುವ ಹೆಸರಿಟ್ಟರು. ಅಕ್ಟೋಬರ್ ಮುಗಿಯುವುದರೊಳಗೆ ಹದಿನಾರು ಮಂದಿಯೂ ಒಳಸೇರಿದರು. ನವೆಂಬರ್ ಮೊದಲ ವಾರದಲ್ಲಿ ಸೂರ್ಯ ಕೊನೆಯ ಬಾರಿ ಅಂಚು ತೋರಿಸಿ ಮುಳುಗಿದನು. ಇನ್ನು ಮೂರು ತಿಂಗಳ ಇರುಳು.

ಈ ಇರುಳಿನ ದಿನಚರಿಯೇ ಪುಸ್ತಕದ ಜೀವಾಳ. ಇಪ್ಪತ್ತರ ಹರೆಯದ ಡ ಫೇರ್‌ಗೆ ಅಲಂಕಾರದ ಗೊಡವೆಯಿಲ್ಲ. ಇಂದು ಗಾಳಿ ಎತ್ತಣಿಂದ ಬೀಸಿತು, ಬೋನಿಗೆ ಎಷ್ಟು ನರಿ ಬಿದ್ದವು, ತಲೆಗೆಷ್ಟು ರೊಟ್ಟಿ ಹಂಚಲಾಯಿತು, ಇಷ್ಟೇ. ಒಗೆಯಲು ಬಿಸಿನೀರಿನಲ್ಲಿ ಅದ್ದಿದ ಅಂಗಿ ಮೇಲಕ್ಕೆತ್ತುವಷ್ಟರಲ್ಲಿ ಹಲಗೆಯಾಗುತ್ತದೆ. ಬಿಯರ್ ಪೀಪಾಯಿಗಳು ಹೆಪ್ಪುಗಟ್ಟಿ ಸೀಳುತ್ತವೆ. ಒಲೆಗೆ ಕಾಲೊಡ್ಡಿದರೆ ಮುಂಗಾಲು ಬೇಯುತ್ತದೆ, ಹಿಮ್ಮಡಿ ಮರಗಟ್ಟುತ್ತದೆ. ಗೋಡೆಯ ಒಳಮೈಯಲ್ಲೂ ಮಂಚದ ಮೇಲೂ ಮಂಜು ಬೆರಳು ದಪ್ಪ ಕೂರುತ್ತದೆ. ಡಿಸೆಂಬರ್ 3ರಂದು ಗಡಿಯಾರವೂ ಹೆಪ್ಪುಗಟ್ಟಿ ನಿಂತಿತು. ಹನ್ನೆರಡು ಗಂಟೆಯ ಮರಳುಗಡಿಯಾರವೊಂದಿತ್ತು. ಅದು ಬರಿದಾಗುವುದನ್ನು ಕಾದಿದ್ದು ತಿರುಗಿಸಿ ಹಗಲಿರುಳಿನ ಎಣಿಕೆ ತಪ್ಪದಂತೆ ನೋಡಿಕೊಂಡರು. ಈ ಎಣಿಕೆಯ ವಿಚಾರವನ್ನು ಮುಂದೆ ಹೇಳುತ್ತೇನೆ.

ಡಿಸೆಂಬರ್ 7ರಂದು, ಮೈ ಒಮ್ಮೆಯಾದರೂ ಬೆಚ್ಚಗಾಗಲೆಂದು ಹಡಗಿನಿಂದ ಕಲ್ಲಿದ್ದಲು ತಂದು ಉರಿಸಿದರು. ಶಾಖ ಹೊರಗೆ ಹೋಗದಿರಲೆಂದು ಬಾಗಿಲನ್ನೂ ಹೊಗೆಗೂಡನ್ನೂ ಬಿಗಿಯಾಗಿ ಮುಚ್ಚಿದರು. ಎಷ್ಟೋ ದಿನಗಳ ಮೇಲೆ ಹಿತವಾಗಿ ಮಲಗಿ ಹರಟೆ ಹೊಡೆದರು. ಕ್ರಮೇಣ ತಲೆ ತಿರುಗಲಾರಂಭಿಸಿತು. ಕಾಯಿಲೆಯಿಂದ ನರಳುತ್ತಿದ್ದ ಒಬ್ಬನಿಗೆ ಅದು ಮೊದಲು ತಟ್ಟಿತು. ಯಾರೋ ತಡವರಿಸುತ್ತ ಹೋಗಿ ಬಾಗಿಲು ತೆಗೆದನು. ತೆಗೆದವನು ಹಿಮದ ಮೇಲೆಯೇ ಮೂರ್ಛೆ ಬಿದ್ದನು. ಬಾಗಿಲ ಬಳಿ ಮಲಗಿದ್ದ ಡ ಫೇರ್ ಓಡಿಹೋಗಿ ಅವನ ಮುಖಕ್ಕೆ ವಿನೆಗರ್ ತಿಕ್ಕಿ ಎಚ್ಚರಿಸಿದನು. ಅವರನ್ನು ಕೊಲ್ಲಲು ಹವಣಿಸುತ್ತಿದ್ದ ಆ ಚಳಿಗಾಳಿಯೇ ಅಂದು ಒಳನುಗ್ಗಿ ಅವರನ್ನು ಬದುಕಿಸಿತು. ನಮ್ಮೂರುಗಳಲ್ಲಿಯೂ ಚಳಿಗೆ ಕೋಣೆ ಮುಚ್ಚಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗುವವರುಂಟು. ಈ ಪುಟವನ್ನು ಅವರಿಗೆ ಓದಿ ಹೇಳಬೇಕು.

ಕರಡಿಗಳ ವಿಷಯವನ್ನು ಮರೆತೆನೆಂದುಕೊಳ್ಳಬೇಡಿ. ಅವು ಮರೆಯಲು ಬಿಟ್ಟರೆ ತಾನೆ! ಮನೆ ಕಟ್ಟುವ ಮುಂಚೆಯೇ ಮೂರು ಕರಡಿಗಳು ಬಂದಿದ್ದವು. ಒಂದು, ಉಪ್ಪುಮಾಂಸವನ್ನು ನೆನೆಯಿಟ್ಟಿದ್ದ ತೊಟ್ಟಿಗೆ ಮೂತಿಯಿಟ್ಟಾಗ ಗುಂಡು ತಲೆಗೆ ತಗುಲಿ ಸದ್ದಿಲ್ಲದೆ ಬಿದ್ದಿತು. ಸಂಗಡವಿದ್ದದ್ದು ಓಡಲಿಲ್ಲ. ಏಕೆ ಹೀಗೆ ಮಲಗಿತೆಂದು ಬೆರಗಾದಂತೆ ನಿಂತು ನೋಡಿತು. ಹತ್ತಿರ ಬಂದು ಮೂಸಿತು. ಸತ್ತಿದೆಯೆಂದು ತಿಳಿದ ಮೇಲೆ ಮೆಲ್ಲನೆ ಹೊರಟುಹೋಯಿತು. ಕರಡಿಯೆಂದರೆ ಎದುರಿಗೆ ಬಂದ ಸಾವು ಎಂದು ನಡುಗುತ್ತಿದ್ದವನು ಇದನ್ನೂ ಬಿಡದೆ ಬರೆದನಲ್ಲ! ಈ ಸಾಲುಗಳಿಗಾಗಿಯೇ ನಾನು ಡ ಫೇರ್‌ನನ್ನು ನಂಬಿದ್ದು.

ಸೂರ್ಯ ಹೋದೊಡನೆ ಕರಡಿಗಳೂ ಹೋದವು, ಬಿಳಿನರಿಗಳು ಬಂದವು. ಸೂರ್ಯ ಬಂದೊಡನೆ ನರಿಗಳು ಹೋಗಿ ಕರಡಿಗಳು ಬಂದವು. ಪಾಳಿಯ ಮೇಲೆ ಕೆಲಸ ಮಾಡುವವರಂತೆ! ನರಿಗಳನ್ನು ಬೋನಿಟ್ಟು ಹಿಡಿದು ತಿಂದರು, ತುಪ್ಪಳದಿಂದ ಟೋಪಿ ಹೊಲಿದುಕೊಂಡರು. ಹಸಿ ಮಾಂಸದಲ್ಲಿ ಸ್ಕರ್ವಿ ರೋಗಕ್ಕೆ ತಡೆಯೊಡ್ಡುವ ಸತ್ತ್ವವಿದೆಯೆಂಬುದು ಅವರಿಗೆ ಗೊತ್ತಿರಲಿಲ್ಲ. ಬರಿಯ ಉಪ್ಪುಮಾಂಸವನ್ನೂ ಒಣರೊಟ್ಟಿಯನ್ನೂ ತಿಂದಿದ್ದರೆ ಹಲ್ಲುದುರಿ ಒಸಡು ಕೊಳೆತು ಒಬ್ಬರೂ ಉಳಿಯುತ್ತಿರಲಿಲ್ಲವೇನೋ. ಇನ್ನು ಕರಡಿ. ಫೆಬ್ರವರಿಯಲ್ಲಿ ಕೊಂದ ಒಂದರಿಂದ ನೂರು ಪೌಂಡು ಕೊಬ್ಬು ಸಿಕ್ಕಿ ರಾತ್ರಿಯೆಲ್ಲ ದೀಪ ಉರಿಸುವ ವೈಭವ ಬಂದಿತು. ಏಪ್ರಿಲಿನಲ್ಲಿ ಒಂದು ಬಾಗಿಲವರೆಗೂ ಬಂದಾಗ ಮದ್ದು ತೇವವಾಗಿ ಕೋವಿ ಹಾರಲಿಲ್ಲ. ಹೇಗೋ ಕದ ಹಾಕಿಕೊಂಡರು. ಎರಡು ಗಂಟೆಯ ಮೇಲೆ ಅದು ಮತ್ತೆ ಬಂದು ಸೂರಿನ ಮೇಲೇರಿ ಹೊಗೆಗೂಡನ್ನು ಅಲ್ಲಾಡಿಸಿ ಗರ್ಜಿಸಿತು. ಒಳಗಿದ್ದವರ ಪಾಡು ಹೇಳಬೇಕಾಗಿಲ್ಲ. ಮೇ ಕೊನೆಯಲ್ಲಿ ಇನ್ನೊಂದರ ಪಿತ್ತಕೋಶವನ್ನು, ಎಂದರೆ ಲಿವರನ್ನು, ರುಚಿಯಾಗಿದೆಯೆಂದು ಬೇಯಿಸಿ ತಿಂದವರೆಲ್ಲ ಕಾಯಿಲೆ ಬಿದ್ದರು. ಮೂವರಿಗಂತೂ ನೆತ್ತಿಯಿಂದ ಅಂಗಾಲಿನವರೆಗೆ ಚರ್ಮ ಸುಲಿಯಿತು, ಸತ್ತೇಹೋದರೆಂದು ಭಯಪಟ್ಟರು. ಒಲೆಯ ಮೇಲೆ ಇನ್ನೂ ಇದ್ದ ಪಾತ್ರೆಯನ್ನು ಹೇಮ್ಸ್‌ಕರ್ಕ್ ಎತ್ತಿ ಹೊರಗೆಸೆದನು. ಬಿಳಿಕರಡಿಯ ಪಿತ್ತಕೋಶದಲ್ಲಿ 'ಎ' ಜೀವಸತ್ತ್ವ ವಿಷವಾಗುವಷ್ಟು ತುಂಬಿರುತ್ತದೆಂದು ವಿಜ್ಞಾನಿಗಳು ತೋರಿಸಿಕೊಟ್ಟದ್ದು 1940ರ ದಶಕದಲ್ಲಿ. ಡ ಫೇರ್ ಕಾರಣ ಹೇಳಲಿಲ್ಲ. ಕಂಡದ್ದನ್ನು ಹೇಳಿದನು, ಅಷ್ಟೆ.

ಜನವರಿ 5, ಕ್ರೈಸ್ತರ ಹಬ್ಬದ ಸಂಜೆ. ಎರಡು ಪೌಂಡು ಹಿಟ್ಟು ಉಳಿಸಿಕೊಂಡಿದ್ದರು, ಎಣ್ಣೆಯಲ್ಲಿ ಬೇಯಿಸಿದರು. ಇಂಗ್ಲಿಷಿನಲ್ಲಿ ಪ್ಯಾನ್‌ಕೇಕ್ ಎಂದಿದೆ. ನನ್ನ ಕಣ್ಣಿಗೆ ಅದು ದೋಸೆಯೇ. ಬಿಳಿಯ ಬಿಸ್ಕತ್ತನ್ನು ದ್ರಾಕ್ಷಾರಸದಲ್ಲಿ ಅದ್ದಿ ತಿಂದರು. ಚೀಟಿ ಎತ್ತಿ ಹಡಗಿನ ಗೋಲಂದಾಜನನ್ನು ನೊವಾಯಾ ಜೆಮ್ಲ್ಯಾದ ರಾಜನನ್ನಾಗಿ ಮಾಡಿದರು. ಎರಡೂ ಕಡೆ ಕಡಲು ಸುತ್ತಿದ ಆ ಮಹಾರಾಜ್ಯದ ಪ್ರಜೆಗಳು ಹದಿನೈದು ಮಂದಿ ಹಸಿದ ನಾವಿಕರು ಮತ್ತು ಬೋನಿಗೆ ಬೀಳದೆ ಉಳಿದ ನರಿಗಳು.

ಜನವರಿ 24. ಹೇಮ್ಸ್‌ಕರ್ಕ್, ಡ ಫೇರ್, ಇನ್ನೊಬ್ಬ, ಮೂವರೂ ಸಮುದ್ರದ ದಕ್ಷಿಣ ದಂಡೆಯ ಕಡೆ ನಡೆದಿದ್ದಾಗ ಸೂರ್ಯನ ಅಂಚು ಕಣ್ಣಿಗೆ ಬಿದ್ದಿತು. ಓಡಿಬಂದು ಹೇಳಿದರು. ಕಾಯಿಲೆ ಬಿದ್ದಿದ್ದ ಬರೆಂಟ್ಸ್ ನಂಬಲಿಲ್ಲ. ಅವನ ಲೆಕ್ಕದಂತೆ ಆ ಅಕ್ಷಾಂಶದಲ್ಲಿ ಸೂರ್ಯ ಬರಲು ಇನ್ನೂ ಹದಿನಾಲ್ಕು ದಿನಗಳಿದ್ದವು. ಲೆಕ್ಕ ತಪ್ಪಾಗಿರಲಿಲ್ಲ, ಇಂದು ಯಾರು ಗುಣಿಸಿದರೂ ಅಷ್ಟೇ ಬರುತ್ತದೆ. ಗುರು ಒಂದು ಕಡೆ, ಕಣ್ಣು ಒಂದು ಕಡೆ. ಮನೆಯೊಳಗೆ ಎರಡು ಪಕ್ಷಗಳಾಗಿ ಪಣವನ್ನೂ ಕಟ್ಟಿದರು. 25, 26 ಎರಡು ದಿನವೂ ಮಬ್ಬು ಮುಸುಕಿತ್ತು. ಬರೆಂಟ್ಸನ ಪಕ್ಷದವರು ಗೆದ್ದೆವೆಂದುಕೊಂಡರು. ಆ ನಡುವೆ ಬಹುಕಾಲದಿಂದ ನರಳುತ್ತಿದ್ದ ಒಬ್ಬನು ಸತ್ತನು. ಹಿಮದಲ್ಲಿ ಏಳಡಿ ತೋಡಿ ಹೂಳಿದರು. 27ರಂದು ಆಕಾಶ ತಿಳಿಯಾಯಿತು. ದಿಗಂತದ ಮೇಲೆ ತುಂಬು ದುಂಡಗೆ ಸೂರ್ಯ ನಿಂತಿದ್ದನು. ಎಲ್ಲರೂ ನೋಡಿದರು.

ಊರಿಗೆ ಬಂದ ಮೇಲೆ ವಿದ್ವಾಂಸರು ಇದನ್ನು ಒಪ್ಪಲಿಲ್ಲ. ಕತ್ತಲಲ್ಲಿ ದಿನಗಳ ಎಣಿಕೆ ತಪ್ಪಿರಬೇಕು ಎಂದರು. ಡ ಫೇರ್ ಬಗ್ಗಲಿಲ್ಲ. ಮರಳುಗಡಿಯಾರವಿತ್ತೆಂದನು. ಅದಕ್ಕಿಂತ ದೊಡ್ಡ ಸಾಕ್ಷಿಯನ್ನೂ ಮುಂದಿಟ್ಟನು: ಅವರ ಬಳಿ ವೆನಿಸ್ಸಿನಲ್ಲಿ ಅಚ್ಚಾದ ಗ್ರಹಗಣಿತದ ಪುಸ್ತಕವೊಂದಿತ್ತು. ಅದರಲ್ಲಿ ಜನವರಿ 25ಕ್ಕೆ ಗುರುವಿಗೂ ಚಂದ್ರನಿಗೂ ಯುತಿಯೆಂದು ಬರೆದಿತ್ತು. ಹಿಮದ ಮೇಲೆ ನಿಂತು ಕಾದು ನೋಡಿದರು. ಗುರುಚಂದ್ರರು ಅದೇ ದಿನ ಕೂಡಿದರು, ವೆನಿಸ್ಸಿನ ಗಳಿಗೆಗಿಂತ ಐದು ತಾಸು ತಡವಾಗಿ. ಪೂರ್ವಕ್ಕೆ ಅಷ್ಟು ದೂರವಿದ್ದವರಿಗೆ ತಡವಾಗತಕ್ಕದ್ದೇ. ತಮ್ಮ ಪಂಚಾಂಗವನ್ನು ಅವರು ಆಕಾಶದಲ್ಲಿಯೇ ಪರೀಕ್ಷಿಸಿಕೊಂಡಿದ್ದರೆಂದಾಯಿತು. ಆದರೂ ನಂಬದವರು ನಂಬಲಿಲ್ಲ. ಕೆಪ್ಲರ್ ಮಹಾಶಯನು 1604ರಲ್ಲಿ ಪ್ರಕಟಿಸಿದ ಬೆಳಕಿನ ಶಾಸ್ತ್ರದ ಗ್ರಂಥದಲ್ಲಿ ಇದನ್ನು ತಳ್ಳಿಹಾಕದೆ ವಿಚಾರಕ್ಕೆ ಎತ್ತಿಕೊಂಡನೆಂಬುದನ್ನು ಹೇಳಲೇಬೇಕು.

ಅವರು ಕಂಡದ್ದು ಏನು? ಸೂರ್ಯ ಆಗ ದಿಗಂತಕ್ಕಿಂತ ಸುಮಾರು ಐದು ಡಿಗ್ರಿ ಕೆಳಗಿದ್ದನು. ಹಿಮದ ಮೇಲೆ ತಣ್ಣನೆಯ ಗಾಳಿಯ ಪದರ, ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ ಕುಳಿತಾಗ ಬೆಳಕು ಎರಡರ ನಡುವೆ ಕಾಲುವೆಯಲ್ಲಿ ಹರಿವ ನೀರಿನಂತೆ ಭೂಮಿಯ ಬಾಗನ್ನೇ ಅನುಸರಿಸಿ ನೂರಾರು ಮೈಲಿ ಬರಬಲ್ಲದು. ಇನ್ನೂ ಹುಟ್ಟದ ಸೂರ್ಯನ ಬಿಂಬವನ್ನು ಅದು ಹೊತ್ತು ತರುತ್ತದೆ. 1915ರಲ್ಲಿ ದಕ್ಷಿಣ ಧ್ರುವದ ಕಡೆ ಮಂಜಿನಲ್ಲಿ ಸಿಕ್ಕಿಬಿದ್ದಿದ್ದ ಶ್ಯಾಕಲ್ಟನ್ ಕೂಡ ಚಳಿಗಾಲಕ್ಕೆ ಮುಳುಗಿಹೋದ ಸೂರ್ಯ ಮರಳಿ ಮೇಲೆದ್ದುದನ್ನು ಕಂಡನು. ವಿಜ್ಞಾನಿಗಳು ಈ ವಿಸ್ಮಯವನ್ನು ಇಂದು ನೊವಾಯಾ ಜೆಮ್ಲ್ಯಾದ ಹೆಸರಿನಿಂದಲೇ ಕರೆಯುತ್ತಾರೆ. ಬರೆಂಟ್ಸನ ಲೆಕ್ಕವೂ ಸರಿ, ಶಿಷ್ಯನ ಕಣ್ಣೂ ಸರಿ. ಈ ಕಥೆಯನ್ನು ಒಮ್ಮೆ ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬನು, 'ಸಾರ್, ಹಾಗಾದರೆ ಪಣದ ದುಡ್ಡು ಯಾರಿಗೆ?' ಎಂದು ಕೇಳಿದನು. ನನಗೆ ಉತ್ತರ ಹೊಳೆಯಲಿಲ್ಲ.

ಬೇಸಗೆ ಬಂದರೂ ಹಡಗು ಕದಲಲಿಲ್ಲ. ಕೈಕಾಲಿಗೆ ಬಲ ಬರಲೆಂದು ಕೋಲು ಚೆಂಡು ಮಾಡಿಕೊಂಡು ಆಡಿದರು. ತೆರೆದ ದೋಣಿಗಳೆರಡನ್ನು ದುರಸ್ತಿ ಮಾಡಿದರು. ಬರೆಂಟ್ಸ್ ತಮ್ಮ ಕಥೆಯನ್ನು ಒಂದು ಕಾಗದದಲ್ಲಿ ಬರೆದು ಹೊಗೆಗೂಡಿನಲ್ಲಿ ತೂಗುಬಿಟ್ಟನು. ಜೂನ್ 14ರಂದು ಹದಿನೈದು ಮಂದಿ ಹೊರಟರು. ಅವನನ್ನೂ ಇನ್ನೊಬ್ಬ ರೋಗಿಯನ್ನೂ ಜಾರುಬಂಡಿಯ ಮೇಲೆ ದೋಣಿಗೆ ಸಾಗಿಸಬೇಕಾಯಿತು. ದ್ವೀಪದ ಉತ್ತರದ ಮೂಲೆಯನ್ನು ಹಾಯುವಾಗ, ಇನ್ನೊಮ್ಮೆ ಅದನ್ನು ನೋಡಬೇಕು, ಎತ್ತಿಹಿಡಿಯಿರಿ ಎಂದನು. ಜೂನ್ 20ರಂದು ಡ ಫೇರ್ ಬರೆದಿದ್ದ ನಕ್ಷೆಯನ್ನು ನೋಡುತ್ತಿದ್ದವನು ಕುಡಿಯಲು ಸ್ವಲ್ಪ ಕೊಡು ಎಂದು ಕೇಳಿದನು, ಕುಡಿದನು, ಕಣ್ಣು ತಿರುಗಿಸಿದನು. ಅದೇ ದಿನ ಇನ್ನೊಬ್ಬ ರೋಗಿಯೂ, ಜುಲೈ ಮೊದಲ ವಾರದಲ್ಲಿ ಮತ್ತೊಬ್ಬನೂ ಹೋದರು. ಹನ್ನೆರಡು ಮಂದಿ ಉಳಿದರು. ಮಂಜಿನ ಮೇಲೆ ದೋಣಿ ಎಳೆಯುತ್ತ, ನೀರು ಕಂಡಲ್ಲಿ ಹುಟ್ಟುಹಾಕುತ್ತ, ಜುಲೈ ಕೊನೆಗೆ ರಷ್ಯದ ಬೆಸ್ತರನ್ನು ಕಂಡರು. ದಡದಲ್ಲಿ ಸ್ಕರ್ವಿಗೆ ಮದ್ದಾದ ಸೊಪ್ಪು ಸಿಕ್ಕಿತು. ಹಿಡಿಹಿಡಿಯಾಗಿ ತಿಂದು ಚೇತರಿಸಿಕೊಂಡರು. ಆಗಸ್ಟ್ ಕೊನೆಯಲ್ಲಿ, ಕೋಲಾ ಎಂಬ ಊರಿನಲ್ಲಿ ಡಚ್ ಹಡಗೊಂದಿದೆಯೆಂದು ಸುದ್ದಿ ಬಂದಿತು. ಅದರಲ್ಲಿದ್ದವನು ಯಾನ್ ರೈಪ್! ಇವರೆಲ್ಲ ಎಂದೋ ಸತ್ತರೆಂದು ತಿಳಿದು ಅವನು ಬೇರೆ ವ್ಯಾಪಾರಕ್ಕೆ ಬಂದಿದ್ದನು.

1597ರ ನವೆಂಬರ್ 1ರಂದು ಬಿಳಿನರಿಯ ಟೋಪಿಗಳನ್ನು ಹಾಕಿಕೊಂಡೇ ಅವರು ಆಮ್‌ಸ್ಟರ್‌ಡಾಮಿನ ಬೀದಿಗಳಲ್ಲಿ ನಡೆದರು. ಜನ ಮುತ್ತಿಕೊಂಡರು. ಆದರೆ ಆಗಸ್ಟ್ ತಿಂಗಳಲ್ಲಿಯೇ ಇನ್ನೊಂದು ಡಚ್ ತಂಡ ಆಫ್ರಿಕಾವನ್ನು ಬಳಸಿ ಜಾವಾದವರೆಗೆ ಹೋಗಿ ಮೆಣಸು ಹೊತ್ತು ಮರಳಿತ್ತು. ಅವರಿಗೆ ದಾರಿ ತೋರಿಸಿದ್ದು ಲಿನ್‌ಸ್ಕೋಟನ್ ಗೋವೆಯಲ್ಲಿ ಕಲೆಹಾಕಿದ್ದ ವಿವರಗಳು. ಇನ್ನು ಉತ್ತರದ ಬಾಗಿಲು ಯಾರಿಗೆ ಬೇಕು? 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿತು. ಉತ್ತರದ ಹಾದಿಯನ್ನು ಕೊನೆಗೂ ಹಾಯ್ದವನು ನಾರ್ಡೆನ್‌ಶ್ಯೋಲ್ಡ್, 1879ರಲ್ಲಿ.

ಆ ಮನೆಗೆ 274 ವರ್ಷ ಯಾರೂ ಹೋಗಲಿಲ್ಲ. 1871ರ ಸೆಪ್ಟೆಂಬರಿನಲ್ಲಿ ನಾರ್ವೆಯ ಎಲ್ಲಿಂಗ್ ಕಾರ್ಲ್‌ಸನ್ ಎಂಬ ಕಡಲ ಬೇಟೆಗಾರನು ಅಲ್ಲಿಗೆ ಬಂದಾಗ ಸೂರು ಕುಸಿದು ಒಳಗೆಲ್ಲ ಮಂಜು ತುಂಬಿತ್ತು. ಡ ಫೇರ್‌ನ ಪುಸ್ತಕದ ಚಿತ್ರದಲ್ಲಿದ್ದಂತೆಯೇ ಗೋಡೆಯ ಪಕ್ಕದಲ್ಲಿ ಮಂಚಗಳು, ನಿಂತ ಗಡಿಯಾರ, ಒಂದು ಕೊಳಲು. 1876ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಗಾರ್ಡಿನರ್‌ಗೆ ಮದ್ದಿನ ಕೊಂಬಿನೊಳಗಿಟ್ಟ ಬರೆಂಟ್ಸನ ಕಾಗದವೂ ಸಿಕ್ಕಿತು. ಚೀನರಿಗೆ ಮಾರಲೆಂದು ಕೊಂಡೊಯ್ದಿದ್ದ ಅಚ್ಚಿನ ಚಿತ್ರಗಳ ಕಟ್ಟುಗಳು ಒಂದೇ ಗಟ್ಟಿಯಾಗಿ ಅಂಟಿಕೊಂಡಿದ್ದವು. 1970ರ ದಶಕದಲ್ಲಿ ಆಮ್‌ಸ್ಟರ್‌ಡಾಮಿನ ರೈಕ್ಸ್ ಮ್ಯೂಸಿಯಮ್ಮಿನವರು ತಾಳ್ಮೆಯಿಂದ ಹಾಳೆ ಹಾಳೆ ಬಿಡಿಸಿದರು. ಅತ್ತ ನೊವಾಯಾ ಜೆಮ್ಲ್ಯಾದಲ್ಲಿ ಈಗ ರಷ್ಯನ್ನರ ವಸತಿಯಿದೆ. 2019ರ ಫೆಬ್ರವರಿಯಲ್ಲಿ ಐವತ್ತಕ್ಕೂ ಹೆಚ್ಚು ಬಿಳಿಕರಡಿಗಳು ಅಲ್ಲಿಗೆ ನುಗ್ಗಿ, ಅಧಿಕಾರಿಗಳು ತುರ್ತುಸ್ಥಿತಿ ಸಾರಬೇಕಾಯಿತು. ಮಂಜು ಕರಗಿ ಬೇಟೆಯ ನೆಲ ತಪ್ಪಿದ ಕರಡಿಗಳು ಈ ಬಾರಿ ಕಸದ ಗುಡ್ಡೆಗೆ ಮೂತಿಯಿಟ್ಟಿದ್ದವು.

1990ರ ದಶಕದಲ್ಲಿ ಡಚ್ ಮತ್ತು ರಷ್ಯನ್ ಸಂಶೋಧಕರು ಮತ್ತೆ ಅಲ್ಲಿಗೆ ಹೋಗಿ ಮನೆಯ ತಳವನ್ನು ಅಳೆದರು, ಹಲಗೆಯ ಚೂರುಗಳನ್ನೂ ಚರ್ಮದ ತುಣುಕುಗಳನ್ನೂ ಆರಿಸಿದರು. ಬರೆಂಟ್ಸನ ಸಮಾಧಿಯನ್ನೂ ಹುಡುಕಿದರು, ಸಿಗಲಿಲ್ಲ. ಆ ಕಡಲಿಗೆ 1853ರಿಂದ ಅವನ ಹೆಸರಿದೆ. ಆದರೆ ಅವನನ್ನು ನೆಲದಲ್ಲಿ ಇಟ್ಟರೋ, ಮಂಜಿನಲ್ಲೋ, ನೀರಿಗೆ ಬಿಟ್ಟರೋ ತಿಳಿಯದು. ಹಬ್ಬದ ದೋಸೆಗೆ ಹಿಟ್ಟೆಷ್ಟು ಪೌಂಡೆಂದು ಬರೆದ ಡ ಫೇರ್, ತನ್ನ ಗುರುವನ್ನು ಎಲ್ಲಿ ಮಲಗಿಸಿದೆವೆಂಬುದನ್ನು ಬರೆದಿಲ್ಲ.